ಉಬಾಲ್ದಿನಾ ಮನೆಯ ತಲೆ ಎಣಿಕೆ

ಎದಿಲ್ಬೆರ್ತಾ ಚಾರ್ರಿಸ್ ಬರ್ರಾಂಕಿಯಾ ನಗರದ ಬೀದಿಗಳಲ್ಲಿ ಇಪ್ಪತ್ತೆರಡು ವರ್ಷ ಕರೆಂಟಿನ ಮೀಟರ್ ಓದಿದವಳು. ನಾಯಿ ಕಚ್ಚಿದ ಗುರುತು ಎಡಗಾಲಲ್ಲಿ ಮೂರು, ಬಲಗಾಲಲ್ಲಿ ಒಂದು. ಯಾರ ಮನೆಯ ಫ್ರಿಜ್ ಮುದಿಯಾಗಿದೆ, ಮಗು ಹುಟ್ಟಿದ ಮೇಲೆ ಯಾರು ಇನ್ನೊಂದು ಫ್ಯಾನ್ ತಂದರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮೀಟರುಗಳು ತಾವೇ ಲೆಕ್ಕ ಒಪ್ಪಿಸಲು ಕಲಿತ ವರ್ಷ ಕಂಪನಿಯವರು ಅವಳ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಹೂವು ಎರಡು ದಿನ ಬಾಳಿತು.

ಆಮೇಲೆ ಊರಿನ ಕಟ್ಟಡಗಳನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟುವ ಯೋಜನೆಯೊಂದು ಬಂತು. ಮನೆಮನೆಗೆ ಹೋಗಿ ಛಾವಣಿ ತಗಡಿನದೋ ಕಾಂಕ್ರೀಟಿನದೋ, ಕಿಟಕಿ ಎಷ್ಟು, ಎ.ಸಿ. ಇದೆಯೋ, ಜನ ಎಷ್ಟು ಎಂದು ಬರೆದು ತರುವ ಕೆಲಸ ಅವಳಿಗೆ ಸಿಕ್ಕಿತು. ಇಂಥ ಬಿಸಿಲಿಗೆ ಇಂಥ ಮನೆ ಇಷ್ಟು ಕರೆಂಟ್ ಉರಿಸಬೇಕು ಎಂದು ಕಂಪ್ಯೂಟರ್ ಹೇಳುತ್ತಿತ್ತು. ಮೀಟರಿನ ಜೊತೆ ತಾಳೆಯಾದರೆ ಸರಿ. ತೀರಾ ಹೆಚ್ಚಾದರೆ ಒಳಗೆ ಕಾರ್ಖಾನೆ ನಡೆಸುತ್ತಿದ್ದಾರೆಂಬ ಗುಮಾನಿ, ತಪಾಸಣೆ ಮುಗಿಯುವ ತನಕ ಲೈನ್ ಕಟ್.

ತನ್ನ ಓಣಿಯನ್ನೂ ಅವಳೇ ಬರೆದಳು. ಅಲ್ಲಿ ಎ.ಸಿ. ಇದ್ದದ್ದು ಶಾಲೆಯ ಸಮವಸ್ತ್ರ ಹೊಲಿಯುವ ಉಬಾಲ್ದಿನಾ ಮನೆಯಲ್ಲಿ ಮಾತ್ರ; ಓಣಿಯವರು ಗೌರವದಿಂದ ಅವಳನ್ನು ದೋನ್ಯಾ ಎನ್ನುತ್ತಿದ್ದರು, ಗಂಡಸಾದರೆ ದೋನ್. ಬಿಸಿಲು ನೆತ್ತಿಗೇರುತ್ತಲೇ ಓಣಿಯ ಮುದುಕರು, ಬಾಣಂತಿಯರು ತಮ್ಮ ತಮ್ಮ ಕುರ್ಚಿ ಹೊತ್ತು ಅವಳ ಮುಂದಿನ ಕೋಣೆಗೆ ಬಂದು ಕೂರುತ್ತಿದ್ದರು, ಸಂಜೆಯವರೆಗೂ.

"ಜನ ಎಷ್ಟು, ದೋನ್ಯಾ ಉಬಾಲ್ದಿನಾ?"

"ನಾನು, ನನ್ನ ಮಗಳು. ಇಬ್ರು. ಬರ್ಕೋ."

ಉಬಾಲ್ದಿನಾಳ ಬೆನ್ನ ಹಿಂದೆ ಹತ್ತು ತಲೆಗಳಿದ್ದವು. "ನನ್ನನ್ನ ಹಳೇ ಕುರ್ಚಿ ಅಂತ ಬರ್ಕೋ ಮಗಳೇ!" ಎಂದು ಮುದುಕ ದೋನ್ ಎಲಿಯೇಸರ್ ಕೂಗಿದ. ಎಲ್ಲರೂ ನಕ್ಕರು. ಮನೆಗೆ ಬಂದವರ ತಲೆ ಎಣಿಸುವುದು ಆ ಓಣಿಯಲ್ಲಿ ಅವರನ್ನು ಹೊರಗೆ ದಬ್ಬಿದಷ್ಟೇ ಕೆಟ್ಟ ನಡತೆ. ಎದಿಲ್ಬೆರ್ತಾ ಅಲ್ಲೇ ಹುಟ್ಟಿ ಬೆಳೆದವಳು. ಎರಡು ಎಂದೇ ಬರೆದಳು.

ಏಪ್ರಿಲ್ ಕೊನೆಯಲ್ಲಿ ಕಡಲ ಗಾಳಿ ಪೂರ್ತಿ ನಿಂತಿತು. ರಾಜಧಾನಿ ಬೊಗೊಟಾದ ಚಳಿಯಿಂದ ಬಂದಿದ್ದ ಯೋಜನೆಯ ಇಂಜಿನಿಯರ್ ಫಾಬಿಯಾನ್ ಅವಳನ್ನು ಕರೆದ.

"ಎದಿಲ್ಬೆರ್ತಾ ಅವರೇ, ಉಬಾಲ್ದಿನಾ ಮನೇಲಿ ಇಬ್ಬರಿಗೆ ಇಷ್ಟು ಕರೆಂಟಾ? ಐಸ್ ಫ್ಯಾಕ್ಟರಿ ಏನಾದ್ರೂ ಇಟ್ಟಿದಾರಾ? ಶುಕ್ರವಾರ ಲೈನ್ ಕಟ್ ಮಾಡೋ ಪಟ್ಟೀಲಿದೆ ಈ ಮನೆ."

"ತಪ್ಪು ನಂದು ಇಂಜಿನಿಯರ್. ಹಗಲೊತ್ತು ಅಲ್ಲಿ ಹನ್ನೆರಡು ಜನ ಇರ್ತಾರೆ."

"ಹಾಗಾದ್ರೆ ಹೆಸರು, ವಯಸ್ಸು ತನ್ನಿ. ಬರೀ ಬಾಯಿಮಾತಿಗೆ ನಾನು ಬದಲಾಯಿಸೋ ಹಾಗಿಲ್ಲ."

ಮರುದಿನ ಮಧ್ಯಾಹ್ನ ಕಾಗದ ಹಿಡಿದು ಹೋದಳು. ಉಬಾಲ್ದಿನಾ ಹೊಲಿಗೆಯಂತ್ರ ನಿಲ್ಲಿಸಿದಳು.

"ನನ್ನ ಮನೇಲಿ ಕೂತವರ ಪಟ್ಟಿ ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಆಗ್ತದೆ. ಆದ್ರೆ ಶುಕ್ರವಾರ ಲೈನ್ ಕತ್ತರಿಸ್ತಾರೆ. ಈ ಸೆಕೇಲಿ ಇವರೆಲ್ಲ ಎಲ್ಲಿಗೆ ಹೋಗ್ಬೇಕು?"

ಉಬಾಲ್ದಿನಾ ಗೋಡೆಯ ಕಡೆ ಮುಖ ತಿರುಗಿಸಿ ಒಂದೊಂದೇ ಹೆಸರು ಹೇಳಿದಳು. ಹೆಸರು ಬಂದವರು ತಲೆ ತಗ್ಗಿಸಿದರು. ಕೊನೆಯದು ಎಲಿಯೇಸರನದು. ಈ ಸಲ ಅವನು ತಮಾಷೆ ಮಾಡಲಿಲ್ಲ.

ಮನೆ ಪಟ್ಟಿಯಿಂದ ಹೊರಬಿತ್ತು. ಆದರೆ ಮಾರನೆಯ ದಿನ ಕುರ್ಚಿ ಹೊತ್ತು ಬಂದವರು ಮೂರೇ ಜನ. ಎದಿಲ್ಬೆರ್ತಾ ಎಲಿಯೇಸರನ ತಗಡಿನ ಕೋಣೆಗೆ ಓಡಿದಳು. ಮುದುಕ ಎದೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದ.

"ಬನ್ನಿ ದೋನ್ ಎಲಿಯೇಸರ್. ದೋನ್ಯಾ ಉಬಾಲ್ದಿನಾ ಕಾಯ್ತಿದಾಳೆ."

"ನಲವತ್ತು ವರ್ಷ ಬಂದರಿನಲ್ಲಿ ಮೂಟೆ ಎಣಿಸಿದೋನು ನಾನು. ಇನ್ನೊಬ್ಬರ ಮನೇಲಿ ಮೂಟೆಯಾಗಿ ಕೂರಲ್ಲ ಮಗಳೇ. ನನ್ನ ಹೆಸರು ಹೊಡೆದುಹಾಕು, ನಾಳೇನೇ ಬರ್ತೀನಿ."

ಹೊಡೆದುಹಾಕಿದೆ ಎಂದು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಿಜವಾಗಿ ಹೊಡೆದುಹಾಕಲು ಧೈರ್ಯ ಬರಲಿಲ್ಲ. ಒಂದು ಹೆಸರು ಕಡಿಮೆಯಾಗಿದ್ದರೆ ಆ ಮನೆ ಮತ್ತೆ ಪಟ್ಟಿಗೆ ಬೀಳುತ್ತಿತ್ತೋ ಇಲ್ಲವೋ, ಅದನ್ನವಳು ಯಾರನ್ನೂ ಕೇಳಲಿಲ್ಲ. ಕೇಳಬೇಕಿತ್ತು. ಒಂಬತ್ತನೆಯ ದಿನ ನಡುಮಧ್ಯಾಹ್ನ ಎಲಿಯೇಸರ್ ಆ ತಗಡಿನ ಕೆಳಗೇ ತೀರಿಕೊಂಡ. ಡಾಕ್ಟರು ಹೃದಯಾಘಾತ ಎಂದು ಬರೆದರು.

ಜೂನ್ ತಿಂಗಳಲ್ಲಿ ಫಾಬಿಯಾನ್ ಮತ್ತೆ ಕರೆದ. ಪರದೆಯ ಮೇಲೆ ಉಬಾಲ್ದಿನಾಳ ಮನೆ ಇತ್ತು.

"ಇದೇನು ವಿಚಿತ್ರ ನೋಡಿ. ಹನ್ನೆರಡು ಜನ ಇರೋ ಮನೆಗೆ ಈಗ ಕರೆಂಟ್ ತೀರಾ ಕಮ್ಮಿ ಆಗಿದೆ. ಅವರೆಲ್ಲ ಎಲ್ಲಿಗೆ ಹೋದ್ರು?"

"ನಾನು ಎಣಿಸಿದೆ ಇಂಜಿನಿಯರ್," ಎಂದಳು ಎದಿಲ್ಬೆರ್ತಾ. "ಅದಕ್ಕೇ ಹೋದ್ರು."