ಉಸ್ತಾದರ ದಾರಿಗೊಂದು ಮಣ್ಣಿನ ನಾಯಿ

ವರ್ಷಕ್ಕೊಂದು ದಿನ ಬೆಳ್ಯಪ್ಪಣ್ಣನ ಜೀಪಿನ ಮುಂದಿನ ಸೀಟಿನಲ್ಲಿ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ. ಹಳೇ ಟವೆಲ್ ಸುತ್ತಿದ ಮೊಣಕೈಯುದ್ದದ ಮಣ್ಣಿನ ನಾಯಿಯೊಂದು ಅಲ್ಲಿ ಕೂತಿರುತ್ತಿತ್ತು. ಮೇಷ್ಟರೆಂಬ ಬಿಂಕದಲ್ಲಿ ನಾನು ಮುಂದೆ ಹತ್ತಲು ಹೋದರೆ, "ಹಿಂದೆ ಕೂತ್ಕೊಳ್ಳಿ ಮಾಷ್ಟ್ರೇ. ನೀವು ಬಿದ್ರೆ ಒಡೆಯುದಿಲ್ಲ" ಎನ್ನುತ್ತಿದ್ದ.

ಆ ನಾಯಿ ನಮ್ಮ ದೇವರಕಾಡಿನ ಅಯ್ಯಪ್ಪನಿಗೆ. ಕಾಡು ದಾಟುವವರ ಕ್ಷೇಮಕ್ಕೆ ಮಣ್ಣಿನ ನಾಯಿ ಒಪ್ಪಿಸುವುದು ನಮ್ಮಲ್ಲಿ ಹಳೆಯ ಹರಕೆ. ಬೆಳ್ಯಪ್ಪಣ್ಣ ಅದನ್ನು ಒಪ್ಪಿಸುತ್ತಿದ್ದದ್ದು ಕೇರಳದ ಒಬ್ಬ ವೃದ್ಧ ಮುಸ್ಲಿಂ ಧರ್ಮಗುರು, ಉಸ್ತಾದರ ಹೆಸರಿನಲ್ಲಿ. ಪಾಲಿಬೆಟ್ಟದ ಕಡೆ ನಮ್ಮ ಎಸ್ಟೇಟಿನ ಕೂಲಿಲೈನುಗಳ ಪಕ್ಕದ ಮಸೀದಿಗೆ ಅವರು ವರ್ಷಕ್ಕೊಮ್ಮೆ ಪ್ರಾರ್ಥನೆಗೆ ಬರುತ್ತಿದ್ದರು. ಗಡಿಯಲ್ಲಿನ ಮಾಕುಟ್ಟದ ಚೆಕ್‌ಪೋಸ್ಟಿನಿಂದ ಅವರನ್ನು ಕರೆತರುವ ಕೆಲಸ ಇವನದು.

ಮೊದಲ ವರ್ಷ ಘಾಟಿಯಲ್ಲಿ ಒಂಟಿಸಲಗ ಅಡ್ಡ ನಿಂತಿತ್ತಂತೆ. ಉಸ್ತಾದರು ಕಣ್ಣು ಮುಚ್ಚಿ ದುವಾ ಮಾಡಿದರು, ಇವನು ಅಯ್ಯಪ್ಪನನ್ನು ಕರೆದ, ಆನೆ ಕಾಡಿಗಿಳಿಯಿತು. "ಯಾರ ಮಾತು ಕೇಳಿ ಹೋದದ್ದು ಅಂತ ಆನೆ ಹೇಳ್ಲಿಲ್ಲ. ಅದಕ್ಕೆ ನಾನು ಇಬ್ಬರನ್ನೂ ಬಿಡುದಿಲ್ಲ" ಎಂದು ಬೆಳ್ಯಪ್ಪಣ್ಣ ಕಂಡವರಿಗೆಲ್ಲ ಹೇಳುತ್ತಿದ್ದ. ನಾಯಿ ಮುಂದೆ ಹೋಗಿ ದಾರಿ ನೋಡುತ್ತದೆ, ತಾನು ಅದರ ಹಿಂದೆ ಜೀಪು ಬಿಡುವುದಷ್ಟೆ ಎಂಬುದು ಅವನ ಲೆಕ್ಕ. ಉಸ್ತಾದರು ಇದನ್ನು ಕೇಳಿ ನಗುತ್ತಿದ್ದರೇ ಹೊರತು ಬೇಡ ಎಂದವರಲ್ಲ.

ಆಮೇಲೆ ಪೇಟೆಯಲ್ಲಿ ಒಂದು ಮೆರವಣಿಗೆಯ ವಿಷಯಕ್ಕೆ ಕಲ್ಲು ಬಿತ್ತು. ಅನ್ಯಧರ್ಮದವರ ಹೆಸರಿನಲ್ಲಿ ಹರಕೆ ಕೂಡದೆಂದು ದೇವರಕಾಡಿನ ಸಮಿತಿ ತೀರ್ಮಾನಿಸಿತು. ಸಮಿತಿಯ ಕಾರ್ಯದರ್ಶಿ ನಾನೇ. ಮಸೀದಿ ಕಡೆಯ ಹುಡುಗರೂ ಇನ್ನು ಆ ಜೀಪು ಬೇಡ, ಕಾರು ಕಳಿಸುತ್ತೇವೆ ಎಂದರು. ಎರಡೂ ಕಡೆಯವರು ಒಂದೇ ಮಾತಿಗೆ ಬಂದದ್ದು ಬೆಳ್ಯಪ್ಪಣ್ಣನನ್ನು ದೂರವಿಡುವುದರಲ್ಲಿ ಮಾತ್ರ.

ಆ ತೀರ್ಮಾನ ಬರೆದು ದೇವರಕಾಡಿನ ಗೇಟಿಗೆ ನಾನು ಅಂಟಿಸಿದ್ದ ನೋಟಿಸನ್ನು ಅವನು ಕಂಕುಳಲ್ಲಿ ನಾಯಿ ಹಿಡಿದುಕೊಂಡೇ ಓದಿದ. ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು. "ಅಕ್ಷರ ಚೆಂದ ಉಂಟು ಮಾಷ್ಟ್ರೇ" ಎಂದು ಹೇಳಿ ಹೊರಟುಹೋದ.

ಉಸ್ತಾದರು ಬಂದ ದಿನ ಪೊಲೀಸರ ಸೂಚನೆಯಂತೆ ಶಾಂತಿಸಭೆ ನಡೆಯಿತು. ಸಭೆಗೆ ಕುರ್ಚಿ ಸಾಗಿಸಿದ್ದು ಬೆಳ್ಯಪ್ಪಣ್ಣನ ಜೀಪು. ನಾನು ಸೌಹಾರ್ದದ ಮೇಲೆ ಸೊಗಸಾಗಿ ಮಾತಾಡಿ ಶಾಲು ಹೊದೆಸಿಕೊಂಡೆ. ಕೂತ ಮೇಲೆ ಉಸ್ತಾದರು ನನ್ನತ್ತ ಬಾಗಿ, "ನಮ್ಮ ಜೀಪಿನ ಬೆಳ್ಯಪ್ಪ ಎಲ್ಲಿ?" ಎಂದರು. ಇನ್ನೊಂದು ಪಕ್ಕದಲ್ಲಿ ನಮ್ಮ ಸಮಿತಿಯ ಅಧ್ಯಕ್ಷರಿದ್ದರು. "ಹುಷಾರಿಲ್ಲ, ಬಂದಿಲ್ಲ" ಎಂದೆ. ಎದುರಿಗಿದ್ದ ಮೈಕು ಅದನ್ನು ಬೀದಿಗೆಲ್ಲ ಕೇಳಿಸಿತು. ಸಭಾಂಗಣದ ಹಿಂದೆ ಜೀಪಿಗೆ ಒರಗಿ ನಿಂತಿದ್ದವನಿಗೂ ಕೇಳಿಸಿತು.

ಸಭೆ ಮುಗಿದ ಮೇಲೆ ನಾಚಿಕೆಯಿಂದಲೇ ಹತ್ತಿರ ಹೋದೆ. ಅವನು ಕುರ್ಚಿಗಳಿಗೆ ಹಗ್ಗ ಬಿಗಿಯುತ್ತಿದ್ದ. ನನ್ನ ಸುಳ್ಳಿನ ಮಾತೇ ಎತ್ತಲಿಲ್ಲ.

"ಉಸ್ತಾದ್ರು ವಾಪಸು ಮಾಕುಟ್ಟ ದಾಟಿದ ಕೂಡ್ಲೆ ನನಗೊಂದು ಫೋನ್ ಮಾಡಿಸಿ ಮಾಷ್ಟ್ರೇ. ಈ ಸಲ ಮುಂದೆ ನಾಯಿ ಇಲ್ಲ."

ಆಯಿತು ಎಂದೆ. ಉಸ್ತಾದರು ಸುಖವಾಗಿ ಊರು ಸೇರಿದ ಸುದ್ದಿ ನನಗೆ ಸಂಜೆಗೇ ಬಂತು. ಬೆಳ್ಯಪ್ಪಣ್ಣನಿಗೆ ಯಾವ ಮುಖ ಹೊತ್ತು ಫೋನ್ ಮಾಡಲಿ ಎಂದುಕೊಂಡು ಸುಮ್ಮನಾದೆ. ಅದೇ ಮಳೆಗಾಲದಲ್ಲಿ ಅವನು ಎದೆನೋವಿನಿಂದ ತೀರಿಕೊಂಡ.

ಮನೆಗೆ ಹೋದಾಗ ಅವನ ಹೆಂಡತಿ ಬೊಳ್ಳಮ್ಮಕ್ಕ ಟವೆಲ್ ಸಮೇತ ಆ ನಾಯಿಯನ್ನು ನನ್ನ ಕೈಗಿಟ್ಟರು. "ಸಭೆ ದಿನ ಊಟವೂ ಮಾಡ್ಲಿಲ್ಲ ಅವರು, ಫೋನ್ ಹಿಡ್ಕೊಂಡು ಕೂತಿದ್ರು. ಸಮಿತಿಯಲ್ಲಿ ಇರುದು ನೀವಲ್ವಾ, ಇದನ್ನು ದೇವರಕಾಡಲ್ಲಿ ನೀವೇ ಇಟ್ಟುಬಿಡಿ" ಎಂದರು.

ನಾಯಿ ನಮ್ಮ ಮನೆಯ ಬೀರುವಿನಲ್ಲಿದೆ, ಸಭೆಯ ಶಾಲಿನ ಹಿಂದೆ. ಗೇಟಿನ ನೋಟಿಸು ಮಳೆಗೆ ಅಳಿಸಿಹೋಗಿತ್ತು. ಹೋದ ವಾರ ಅಧ್ಯಕ್ಷರು ಹೇಳಿದರೆಂದು ಮತ್ತೆ ಬರೆದು ಅಂಟಿಸಿ ಬಂದೆ.