ಪಿಸುದನಿಯ ಸ್ಪ್ಯಾನಿಷ್ ಮೇಷ್ಟ್ರು

ಇವತ್ತೂ ದನಿ ಏಳದೇ ಹೋದರೆ?

ಹುಟ್ಟು ಹಾಕುವ ಚೆಲುವಯ್ಯನವರ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಮನಸ್ಸು ಮಾತ್ರ ಹನ್ನೊಂದು ಗಂಟೆಗೆ ಬರಲಿರುವ ಫೋನಿನ ಹತ್ತಿರ ನಿಂತುಬಿಟ್ಟಿದೆ. ಸೋಮವಾರ ಏಳದ ದನಿ ಗುರುವಾರ ಏಳುತ್ತದೆಂದು ಯಾವ ಧೈರ್ಯದ ಮೇಲೆ ನಂಬುವುದು?

ರಂಗನತಿಟ್ಟಿನ ನೀರಿನ ಮೇಲೆ ಮಂಜು ಇನ್ನೂ ಕರಗಿಲ್ಲ. ದೋಣಿಯಲ್ಲಿ ನಾಲ್ವರು ಸ್ಪೇನ್ ದೇಶದವರು. ಪಕ್ಕದ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿದೆ. ಚೆಲುವಯ್ಯ ಮುಂದಕ್ಕೆ ಬಾಗಿ ಉಸಿರಿನಷ್ಟು ಮೆಲ್ಲಗೆ ಅವರ ಭಾಷೆಯಲ್ಲಿ ಏನೋ ಹೇಳುತ್ತಾರೆ. ನಾಲ್ವರೂ ಒಟ್ಟಿಗೆ ಎಡಕ್ಕೆ ತಿರುಗುತ್ತಾರೆ. ಚಮಚದಂಥ ಕೊಕ್ಕಿನ ಹಕ್ಕಿಯೊಂದು ಗೂಡಿಗೆ ಕಡ್ಡಿ ತಂದಿದೆ. ಅದು ಬೆದರುವುದಿಲ್ಲ.

ಅರಕೆರೆಯ ಚೆಲುವಯ್ಯನವರಿಗೆ ಈಗ ನಲವತ್ತಾರು. ಓದಿದ್ದು ಏಳನೇ ತರಗತಿ. ಮುಂಜಾನೆಯ ಮೊದಲ ಬಸ್ಸಿಗೆ ಶ್ರೀರಂಗಪಟ್ಟಣ, ಅಲ್ಲಿಂದ ಸೈಕಲ್ಲು. ಹತ್ತೊಂಬತ್ತು ವರ್ಷಗಳಿಂದ ಇದೇ ದಾರಿ. ಚಳಿಗಾಲದಲ್ಲಿ ದಿನಕ್ಕೆ ಒಂಬತ್ತು ಹತ್ತು ಸುತ್ತು, ಸುತ್ತಿಗೆ ಮುಕ್ಕಾಲು ಗಂಟೆ. ಹೊಳೆ ಏರಿದರೆ ದೋಣಿ ನಿಲ್ಲುತ್ತದೆ, ದೋಣಿ ನಿಂತರೆ ಕೂಲಿಯೂ ನಿಲ್ಲುತ್ತದೆ.

ಅವರಿಗೆ ಭಾಷೆ ಕಲಿಸಿದಾಕೆ ಪಿಲಾರ್ ಎಂಬ ಸ್ಪೇನಿನ ನಿವೃತ್ತ ಶಾಲಾ ಶಿಕ್ಷಕಿ. ಎಂಬತ್ತೇಳನೇ ಇಸವಿಯಿಂದ ಪ್ರತಿ ಜನವರಿಯಲ್ಲೂ ಹಕ್ಕಿ ನೋಡಲು ಬಂದು ಮೂರು ವಾರ ಇರುತ್ತಾರೆ. ಚೆಲುವಯ್ಯನವರ ಬಾಯಲ್ಲಿ ಆಕೆ ಪಿಲಾರಮ್ಮ.

"ಆಯಮ್ಮ ಹಕ್ಕಿ ತೋರ್ಸಿ ತೋರ್ಸಿ ಕಲಿಸ್ತು ಸಾ. ಮೊದ್ಲು ಅದ್ರ ಹೆಸ್ರು. ಆಮ್ಯಾಕೆ ಅದು ಏನ್ ಮಾಡ್ತದೆ, ನಿನ್ನೆ ಏನ್ ಮಾಡ್ತು, ನಾಳೆ ಏನ್ ಮಾಡ್ತದೆ. ಅಂಗೇ ಭಾಷೆನೇ ಬಂದ್ಬುಡ್ತು."

ಊರಿಗೆ ಹೋದ ಮೇಲೂ ಆಕೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಇವರು ಬರೆದು ವಾಪಸು ಕಳಿಸುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಚೆಲುವಯ್ಯ ಜೊತೆಯ ಐವರು ದೋಣಿಯವರಿಗೂ ಅದನ್ನೇ ಕಲಿಸಿದರು. ಅದನ್ನು ಕಂಡಿದ್ದ ಪಿಲಾರಮ್ಮ ಕಳೆದ ವರ್ಷ ಮಾಲ್ಡೀವ್ಸ್‌ನ ಒಂದು ಹೋಟೆಲ್ ತರಬೇತಿ ಶಾಲೆಗೆ ಕಾಗದ ಬರೆದರು. ಅಲ್ಲಿ ಕೆಲಸ ಕಲಿಯುವ ಹುಡುಗರಿಗೆ ಸ್ಪ್ಯಾನಿಷ್ ಹೇಳಿಕೊಡಲು ಮೇಷ್ಟ್ರು ಬೇಕು. ಎರಡು ವರ್ಷದ ಕೆಲಸ.

"ಬೋರ್ಡ್ ಮುಂದೆ ನಿಂತ್ಕಬೇಕು ಅಂತ ಆಸೆ," ಎನ್ನುತ್ತಾರೆ ಚೆಲುವಯ್ಯ. "ಏಳ್ನೇ ಕ್ಲಾಸ್‌ಗೇ ಬುಟ್ಟೆನಲ್ಲ, ಅದ್ಕೇ ಏನೋ."

ಸೋಮವಾರ ಆ ಶಾಲೆಯ ಮುಖ್ಯಸ್ಥೆಯ ಫೋನು ಶ್ರೀರಂಗಪಟ್ಟಣ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿಗೆ ಬಂತು. ಪಾಠ ಮಾಡಿ ತೋರಿಸಿ ಎಂದರಂತೆ. ಚೆಲುವಯ್ಯ ಶುರು ಮಾಡಿದರು. ಕೇಳಿಸುತ್ತಿಲ್ಲ, ಜೋರಾಗಿ ಎಂದರು ಆಕೆ. ಮತ್ತೆ ಶುರು ಮಾಡಿದರು. ಹನ್ನೊಂದು ವರ್ಷ ಆ ಭಾಷೆಯನ್ನು ಅವರು ಆಡಿದ್ದೆಲ್ಲ ಹಕ್ಕಿ ಹಾರದ ಹಾಗೆ. ಅದರ ಒಂದು ಪದವನ್ನೂ ಬಾಯಿಬಿಟ್ಟು ಕೂಗಿದವರಲ್ಲ.

ಬೂತಿನ ಜಯಕುಮಾರ್ ಗಾಜಿಗೆ ಬಡಿದ. "ಏನ್ಲಾ ಚೆಲುವ, ಕದ್ದು ಬಸುರಾದೋಳಂಗೆ ಪಿಸುಗುಡ್ತಿದ್ದೀಯ! ಸಮುದ್ರದ್ ಆಚ್ಗೆ ಕೇಳ್ಬೇಕು, ಕೂಗ್ಲಾ!"

ಕನ್ನಡದಲ್ಲಾದರೆ ಹೊಳೆಯ ಆಚೆ ದಡದ ಎಮ್ಮೆಯನ್ನು ಇತ್ತ ಕರೆಯುವ ಗಂಟಲು ಅದು. ಅವತ್ತು ಬರೀ ಗಾಳಿ ಬಂತು. ಲೈನು ಸರಿಯಿಲ್ಲವೇನೋ, ಗುರುವಾರ ಹನ್ನೊಂದಕ್ಕೆ ಮತ್ತೆ ಮಾಡುತ್ತೇನೆ, ಅದೇ ಕೊನೆ ಎಂದು ಆಕೆ ಫೋನಿಟ್ಟರು.

ನಡುವೆ ಇದ್ದದ್ದು ಮೂರು ಸಂಜೆ. ಅರಕೆರೆಯ ನಾಲೆ ಏರಿಯ ಮೇಲೆ ಚೆಲುವಯ್ಯ ನಿಲ್ಲುತ್ತಾರೆ. ಹೆಂಡತಿ ಸಿದ್ದಲಿಂಗಮ್ಮ ಗದ್ದೆಯ ಬದುವಿನ ಮೇಲೆ ದೂರ ದೂರ ಹೋಗಿ ನಿಲ್ಲುತ್ತಾರೆ. ಮಾತು ಕಿವಿಗೆ ಬಿದ್ದರೆ ಕೈ ಎತ್ತಬೇಕು, ಅಷ್ಟೇ ಆಕೆಯ ಕೆಲಸ. ಮೊದಲ ಸಂಜೆ ಕೈ ಏಳಲೇ ಇಲ್ಲ.

"ನಾನೇನ್ ಹಕ್ಕಿನಾ ಹೆದ್ರಿ ಹಾರೋಗಕೆ? ಕೂಗಿ!" ಎಂದು ಅಲ್ಲಿಂದಲೇ ಗದರಿದರಂತೆ. ಮೂರನೇ ಸಂಜೆ ಒಂದರಿಂದ ಇಪ್ಪತ್ತರವರೆಗಿನ ಸ್ಪ್ಯಾನಿಷ್ ಎಣಿಕೆಯಲ್ಲಿ ಹನ್ನೆರಡು ಸಲ ಕೈ ಎದ್ದಿತ್ತು.

ಗುರುವಾರ ಬೆಳಗಿನ ಸುತ್ತು ಮುಗಿಸಿ ಚೆಲುವಯ್ಯ ಬೂತಿಗೆ ಬರುವಷ್ಟರಲ್ಲಿ ಸಿದ್ದಲಿಂಗಮ್ಮ ಅರಕೆರೆ ಬಸ್ಸಿನಿಂದ ಇಳಿದಿದ್ದಾರೆ. ಗಂಡನ ಹತ್ತಿರ ಬರುವುದಿಲ್ಲ. ಬಸ್ಸುಗಳನ್ನು ದಾಟಿ ನಿಲ್ದಾಣದ ಆ ತುದಿಯ ಕಂಬದ ಪಕ್ಕ ಹೋಗಿ ಇತ್ತ ತಿರುಗಿ ನಿಲ್ಲುತ್ತಾರೆ.

ಫೋನು ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಕುಶಲ ಕೇಳಿದ ಮುಖ್ಯಸ್ಥೆ ನೇರ ವಿಷಯಕ್ಕೆ ಬರುತ್ತಾರೆ. ನನ್ನ ತರಗತಿಯಲ್ಲಿ ನಲವತ್ತು ಹುಡುಗರು. ಕೊನೆಯ ಬೆಂಚಿಗೆ ಕೇಳುವಂತೆ ಏನಾದರೂ ಒಂದು ವಾಕ್ಯ ಹೇಳಿ.

ಎಣಿಕೆ ಮರೆತುಹೋಗುತ್ತದೆ. ಹಕ್ಕಿಗಳ ಹೆಸರೂ ಇಲ್ಲ. ಜಯಕುಮಾರ್ ಗಾಜಿನಾಚೆಯಿಂದ ನೋಡುತ್ತಿದ್ದಾನೆ. ಚೆಲುವಯ್ಯ ಕಾಲಿನಿಂದ ಗಾಜಿನ ಬಾಗಿಲನ್ನು ನೂಕುತ್ತಾರೆ. ಹೊರಗೆ ಪಾಂಡವಪುರದ ಬಸ್ಸು ಗುರುಗುಟ್ಟುತ್ತಿದೆ, ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದಾನೆ, ಅದರಾಚೆ ಕಂಬದ ಪಕ್ಕ ಸಿದ್ದಲಿಂಗಮ್ಮ. ಆಕೆಯನ್ನು ನೋಡುತ್ತಾ ಬಾಯಿ ತೆರೆಯುತ್ತಾರೆ. ಯಾವ ಸಂಜೆಯೂ ಅಭ್ಯಾಸ ಮಾಡದ ಒಂದು ವಾಕ್ಯ ಎದೆಯಿಂದ ಎದ್ದು ನಿಲ್ದಾಣವನ್ನೆಲ್ಲ ದಾಟುತ್ತದೆ. ಕಂಡಕ್ಟರ್ ತನ್ನ ಕೂಗು ನಿಲ್ಲಿಸಿ ತಿರುಗುತ್ತಾನೆ.

ಸಿದ್ದಲಿಂಗಮ್ಮ ಕೈ ಎತ್ತುತ್ತಾರೆ.

ಫೋನಿನ ಆ ಕಡೆಯಿಂದ ಮುಖ್ಯಸ್ಥೆ ಮೆಲ್ಲಗೆ ಹೇಳುತ್ತಾರೆ: ಕೇಳಿಸಿತು, ಏಪ್ರಿಲ್ ಮೊದಲ ವಾರ ಬನ್ನಿ.

"ಮೇಷ್ಟ್ರಾಗ್ಬುಟ್ಟಲ್ಲೋ ಬಡ್ಡೈದ್ನೆ!" ಎಂದು ಜಯಕುಮಾರ್ ಬೆನ್ನಿಗೆ ಗುದ್ದುತ್ತಾನೆ. ಚೆಲುವಯ್ಯ ನಗುತ್ತಾರೆ. "ಕ್ಲಾಸ್ ಮುಗಿಯೋವರ್ಗೂ ಗಂಟ್ಲು ಕೈ ಕೊಡ್ದಿದ್ರೆ ಸಾಕಪ್ಪ."

ಅರಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸಿದ್ದಲಿಂಗಮ್ಮ ಕೇಳುತ್ತಾರೆ: "ಅಷ್ಟ್ ಜೋರಾಗ್ ಕೂಗುದ್ರಲ್ಲ, ಏನದು?"

"ಅದೇ, ಒಂದ್ ಹಕ್ಕಿ ಹೆಸ್ರು ಕಣಮ್ಮಿ."

"ಅಷ್ಟುದ್ದದ್ ಹೆಸ್ರಾ?"

ಚೆಲುವಯ್ಯ ರಸ್ತೆ ನೋಡುತ್ತಾರೆ. ನಿನ್ನನ್ನು ಬಿಟ್ಟು ಹೋಗಲು ನನಗೆ ಭಯವಾಗುತ್ತಿದೆ ಎಂದು ಕೂಗಿದ್ದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳಲೇ ಇಲ್ಲ.