ಐವತ್ತರಲ್ಲಿ ಓಡಿಸಿದ ಚಳಿಗಾಲ

ಹಿಮ ಬಿದ್ದ ರನ್‌ವೇ ಮೇಲೆ ಒಂದು ಕಾರು ಓಡಿಸುವುದು ನನ್ನ ಕೆಲಸವಾಗಿತ್ತು. ಆ ಕಾರಿನ ಹಿಂಭಾಗದಲ್ಲಿ ಐದನೆಯದೊಂದು ಚಕ್ರ ಇರುತ್ತದೆ. ಅದನ್ನು ನೆಲಕ್ಕೆ ಇಳಿಸಿ, ಗಂಟೆಗೆ ಅರವತ್ತೈದು ಕಿಲೋಮೀಟರ್ ವೇಗದಲ್ಲಿ ಒಂದೇ ಸಮ ಓಡಿಸಿದರೆ, ನೆಲ ಚಕ್ರವನ್ನು ಎಷ್ಟು ಹಿಡಿಯುತ್ತದೆ ಎಂಬುದು ಅಂಕಿಯಾಗಿ ಬರುತ್ತದೆ. ಆ ಅಂಕಿಯನ್ನು ನಂಬಿ ವಿಮಾನ ಇಳಿಯುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿ ಜಪಾನಿನ ಹಮಾಮತ್ಸುವಿಗೆ ಕಾರ್ಖಾನೆ ಕೆಲಸಕ್ಕೆ ಬಂದವನು ನಾನು. ಮದುವೆಯಾದ ಮೇಲೆ ಹೆಂಡತಿಯ ಸೀಮೆ ಹೊಕ್ಕೈಡೊಗೆ ಹೋಗಿ, ಅಲ್ಲಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಹಿಮ ತೆಗೆಯುವ ತಂಡ ಸೇರಿದೆ.

ಕೋವಿಡ್‌ನ ಎರಡನೆಯ ಚಳಿಗಾಲ. ವಿಮಾನಗಳು ಕಡಿಮೆಯಾಗಿ ರನ್‌ವೇ ಖಾಲಿ ಬಿದ್ದಿರುತ್ತಿತ್ತು. ಹೊಸ ಯಂತ್ರವೊಂದನ್ನು ಪರೀಕ್ಷಿಸಲು ಕಾವಾಸಾಕಿ ನಗರದ ಕಂಪನಿಯೊಂದರಿಂದ ಒಬ್ಬಳು ಎಂಜಿನಿಯರ್ ಬಂದಳು, ಮೈಸೂರಿನ ಹುಡುಗಿ. ರನ್‌ವೇಯಲ್ಲಿ ಹೂತಿಟ್ಟ ಆ ಯಂತ್ರ, ಮೇಲಿನ ಹಿಮಕ್ಕೆ ಬೆಳಕು ಹಾಯಿಸಿ, ಎಷ್ಟು ಜಾರುತ್ತದೆಂದು ತಾನೇ ಹೇಳುತ್ತಿತ್ತು. ಅದು ಸರಿಯೇ ಎಂದು ತಿಳಿಯಲು ನನ್ನ ಕಾರಿನ ಅಂಕಿಯೊಂದಿಗೆ ಹೋಲಿಸಬೇಕಿತ್ತು.

ನನಗೆ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ನನ್ನ ಅಭಿಪ್ರಾಯ ಕೇಳದ ಮುಖ್ಯಸ್ಥರು ಅವಳ ಲ್ಯಾಪ್‌ಟಾಪ್ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಅವಳ ತಪ್ಪು ಜಪಾನಿ ಮಾತಿಗೆ ಎಲ್ಲರೂ ಮುದ್ದಿನಿಂದ ನಗುತ್ತಿದ್ದರು; ನನ್ನ ಕಾಲದಲ್ಲಿ ತಿದ್ದುತ್ತಿದ್ದರು, ಅಷ್ಟೇ. ನನ್ನ ಹೆಂಡತಿ ಕೂಡ ಅವಳಿಗೆಂದು ಮೂಲಂಗಿ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದಳು. ಆ ಹುಡುಗಿ ನನಗೆ ಚಟ್ನಿಪುಡಿ ತಂದುಕೊಟ್ಟು, ಈ ಊರಲ್ಲಿ ಕನ್ನಡ ಮಾತಾಡಲು ನೀವೊಬ್ಬರೇ ಸಿಕ್ಕಿದ್ದು ಅಂಕಲ್ ಎಂದಿದ್ದಳು. ಆ ಪುಡಿಯನ್ನು ದಿನವೂ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಲೇ, ಅವಳ ಯಂತ್ರ ಕೆಟ್ಟುಹೋಗಲಿ ಎಂದು ಬಯಸುತ್ತಿದ್ದೆ.

ಅದು ಕೆಡಲಿಲ್ಲ. ಆಗ ನಾನು ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸತೊಡಗಿದೆ. ನೀರು ಬೆರೆತ ಹಿಮದ ಮೇಲೆ ನಿಧಾನವಾಗಿ ಹೋದರೆ ಚಕ್ರಕ್ಕೆ ಹೆಚ್ಚು ಹಿಡಿತ ಸಿಗುತ್ತದೆ. ಐವತ್ತರಲ್ಲಿ ಓಡಿಸಿದರೆ ನನ್ನ ಅಂಕಿ ಏರುತ್ತಿತ್ತು, ಅವಳ ಯಂತ್ರ ಸುಮ್ಮಸುಮ್ಮನೆ ಹೆದರಿಸುವಂತೆ ಕಾಣುತ್ತಿತ್ತು. ಸೋಂಕಿನ ನಿಯಮದಂತೆ ಒಂದು ಕಾರಿಗೆ ಒಬ್ಬರೇ. ನನ್ನ ಕಾಲನ್ನು ನೋಡುವವರಿರಲಿಲ್ಲ. ವಿಮಾನವಿಲ್ಲದ ಹೊತ್ತಿನಲ್ಲಷ್ಟೇ ಹೀಗೆ ಮಾಡುತ್ತೇನೆ, ಯಾರಿಗೂ ಅಪಾಯವಿಲ್ಲ ಎಂದುಕೊಂಡೆ. ಆದರೆ ಕಾಲಿಗೆ ಅದೇ ರೂಢಿಯಾಯಿತು.

ಒಂದು ಬೆಳಿಗ್ಗೆ ದಿನದ ಮೊದಲ ವಿಮಾನ ಮೇಲೆ ಸುತ್ತುತ್ತಿತ್ತು. ಮುಖ್ಯಸ್ಥರು ಅವಳನ್ನು ಇನ್ನೊಂದು ಕಾರಿನಲ್ಲಿ ನನ್ನ ಹಿಂದೆ ಕಳಿಸಿದ್ದರು. ಓಡಿಸಿ ಮುಗಿಸಿದೆ. ಅಂಕಿ ಚೆನ್ನಾಗಿಯೇ ಬಂದಿತ್ತು. ಅದನ್ನು ತಿಳಿಸಲು ರೇಡಿಯೊ ಎತ್ತಿಕೊಳ್ಳುವಷ್ಟರಲ್ಲಿ ಅವಳ ಫೋನ್ ಬಂತು.

"ಅಂಕಲ್, ಕೊನೇಲಿ ನನ್ ಕಾರು ಐವತ್ತಕ್ಕೆ ಇಳೀತು. ನಿಮ್ ಹಿಂದೇನೇ ಇದ್ದೆ. ಇನ್ನೊಂದ್ ರೌಂಡ್ ಹೋಗೋಣ, ಪ್ಲೀಸ್."

ರೇಡಿಯೊದಲ್ಲಿ ಹೇಳಿದ್ದರೆ ಎಲ್ಲರೂ ಕೇಳುತ್ತಿದ್ದರು. ನನ್ನ ಮಾನ ಉಳಿಸಲೆಂದೇ ಅವಳು ಫೋನ್ ಮಾಡಿದ್ದಳು. ಅವಳ ಆ ಒಳ್ಳೆಯತನವನ್ನು ಕಂಡೂ ನನಗೆ ಉರಿಯಿತು. ಆದರೂ ಕಾರು ತಿರುಗಿಸಿದೆ. ಈ ಸಲ ಅರವತ್ತೈದು. ಅಂಕಿ ಅವಳ ಯಂತ್ರ ಹೇಳಿದಲ್ಲಿಗೇ ಕುಸಿಯಿತು. ವಿಮಾನ ಬೇರೆ ಊರಿಗೆ ಹೋಯಿತು.

ಅನುಮಾನ ಬಂದು ಎರಡನೆಯ ಸಲ ಅಳೆದನೆಂದು ಮುಖ್ಯಸ್ಥರು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ತಲೆಬಾಗಿ ಸ್ವೀಕರಿಸಿದೆ. ಆಮೇಲೆ ಕಾರು ನಿಲ್ಲಿಸುವಲ್ಲಿ ಅವಳು ಮೆಲ್ಲಗೆ ಕೇಳಿದಳು:

"ಮುಂಚೆ ಯಾವತ್ತಾದ್ರೂ ಹೀಗಾಗಿತ್ತಾ, ಅಂಕಲ್?"

"ಇಲ್ಲಮ್ಮ, ಇವತ್ತೊಂದೇ ಸಲ. ಚಳಿಗೆ ಕಾಲು ಮರಗಟ್ಟಿತ್ತು."

ಅವಳು ನಂಬಿದಳು.

ಹಿಮ ಕರಗುವ ಹೊತ್ತಿಗೆ ಪ್ರಯೋಗ ನಿಲ್ಲಿಸಿದರು. ಎಷ್ಟೋ ದಿನ ಕಾರಿನ ಅಂಕಿಗೂ ಯಂತ್ರದ ಅಂಕಿಗೂ ತಾಳೆಯಾಗಲಿಲ್ಲ ಎಂಬುದೇ ಕಾರಣ. ರನ್‌ವೇ ಅಗೆದು ಯಂತ್ರವನ್ನು ಹೊರತೆಗೆದರು. ತಪ್ಪೆಲ್ಲಿ ಎಂದು ಅವಳು ಕೊನೆಯ ದಿನದವರೆಗೂ ತನ್ನ ಕೆಲಸದಲ್ಲೇ ಹುಡುಕುತ್ತಿದ್ದಳು. ಅಂದು ನನಗೆ ಸಂತೋಷವಾಯಿತು. ಅದನ್ನೂ ಬರೆಯಲೇಬೇಕು.

ಮರುವರ್ಷ ಕೆಲಸ ಬಿಡುವಾಗ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ನೀವೇ ಅವಳಿಗೆ ಹೇಳಿ ಎಂದರು. ಫೋನ್ ಮಾಡಿದೆ. ಬೈಯುತ್ತಾಳೆಂದುಕೊಂಡಿದ್ದೆ. ಯಾವ ಯಾವ ದಿನ ಎಂದಷ್ಟೇ ಕೇಳಿದಳು. ನನಗೆ ನಿಜಕ್ಕೂ ನೆನಪಿರಲಿಲ್ಲ. ಎಷ್ಟೋ ದಿನ ಸರಿಯಾಗಿಯೂ ಓಡಿಸಿದ್ದೆ ಎಂದೆ.

"ಯಾವ್ದು ಸರಿ ಅಂತ ಗೊತ್ತಾಗ್ದಿದ್ರೆ ಅದೂ ಉಪಯೋಗಕ್ಕೆ ಬರಲ್ಲ, ಅಂಕಲ್. ಇಡೀ ಚಳಿಗಾಲಾನೇ ಬಿಡ್ಬೇಕು."

ತಪ್ಪಾಯಿತಮ್ಮ ಎಂದೆ. ಮೀಟಿಂಗ್ ಇದೆ ಎಂದು ಅವಳು ಫೋನ್ ಇಟ್ಟಳು.